ಸೇಫ್ ಆಡೋದು ಹೇಡಿತನ ಅಲ್ಲ, ಗುರು

ಯಲಹಂಕ ನ್ಯೂ ಟೌನ್‌ನಿಂದ ಹಿಡಿದು ಆರ್.ಟಿ. ನಗರದವರೆಗೆ ಯಾವ ಪೂಲ್ ಪಾರ್ಲರಿಗೆ ಹೋದರೂ ಒಂದು ಜಗಳ ಗ್ಯಾರಂಟಿ. ಒಬ್ಬ ತನ್ನ ಸರದಿ ಬಂದಾಗ ಪಾಕೆಟ್ ಕಡೆ ತಿರುಗಿಯೂ ನೋಡುವುದಿಲ್ಲ. ತನ್ನ ಬಾಲನ್ನು ಮೆಲ್ಲಗೆ ಸವರಿ, ವೈಟನ್ನು ತಗೊಂಡು ಹೋಗಿ ಬೇರೊಂದು ಬಾಲಿನ ಬೆನ್ನಿಗೆ ಅಡಗಿಸಿಟ್ಟು, ಸ್ಟಿಕ್ ಗೋಡೆಗೆ ಒರಗಿಸಿ ಕೂತುಬಿಡುತ್ತಾನೆ. ಎದುರಾಳಿ ಟೇಬಲ್ಲಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ತನ್ನ ಒಂದು ಬಾಲೂ ನೇರಕ್ಕೆ ಕಾಣದೆ, ಕೊನೆಗೆ ಬಾಯಿ ಬಿಡುತ್ತಾನೆ: "ಏನ್ ಗುರು, ಆಡಕ್ ಬಂದಿದೀಯಾ, ಬಚ್ಚಿಟ್ಕೊಳಕ್ ಬಂದಿದೀಯಾ?"

ಅಲ್ಲಿಂದ ಶುರು. ಅರ್ಧ ಜನ ಇವನ ಕಡೆ, ಅರ್ಧ ಜನ ಅವನ ಕಡೆ. "ಇದು ಆಟಾನೇ ಅಲ್ಲ" ಅಂತ ಒಂದು ಬಣ, "ಇದೇ ನಿಜವಾದ ಆಟ" ಅಂತ ಇನ್ನೊಂದು ಬಣ.

ಈ ಜಗಳ ಈಗ ನಮ್ಮ ಹಾಸ್ಟೆಲ್ಲಿಗೂ ಬಂದಿದೆ. ಮುಂದಿನ ತಿಂಗಳ ಪೂಲ್ ಟೂರ್ನಿಗೆ ತಯಾರಾಗಿರುವ ಕರಡು ನಿಯಮಗಳ ಪಟ್ಟಿ ಕಾಮನ್ ರೂಮಿನ ಬಾಗಿಲಿಗೆ ಅಂಟಿಸಿದೆಯಲ್ಲ, ಅದರ ಏಳನೇ ನಿಯಮ ಓದಿದ್ದೀರಾ? "ಬೇಕೆಂದೇ ಸೇಫ್ ಆಡಿದರೆ ಫೌಲ್." ಆಕ್ಷೇಪಣೆ ಇದ್ದವರು ಈ ವಾರದೊಳಗೆ ಬರೆದು ಕೊಡಿ ಎಂದು ಕೆಳಗೆ ಒಂದು ಸಾಲು ಬೇರೆ ಇದೆ. ಹಾಗಾಗಿ ನಾವು ಬರೆದು ಕೊಡುತ್ತಿದ್ದೇವೆ. ಆ ನಿಯಮ ಬೇಡ. ಅದರ ಬದಲು ಏನು ಬೇಕು ಅನ್ನುವುದನ್ನೂ ಹೇಳುತ್ತೇವೆ. ನಮ್ಮ ಬಳಗದಲ್ಲೂ ಎರಡೂ ಬಣದವರಿದ್ದಾರೆ, ಈ ಲೇಖನದ ಮೇಲೇ ಮೂರು ಸಂಜೆ ಜಗಳ ಆಗಿದೆ. ಕೊನೆಗೆ ಎಲ್ಲರೂ ಒಪ್ಪಿದ ಮಾತುಗಳು ಮಾತ್ರ ಇಲ್ಲಿವೆ.

ಮೊದಲು, ಸೇಫ್ ಅಂದರೇನು?

ಪೂಲ್ ಆಡದವರಿಗಾಗಿ ಎರಡು ಮಾತು. ನಮ್ಮ ಕಡೆ ಹೆಚ್ಚು ಆಡುವುದು ಎಂಟು ಬಾಲಿನ ಆಟ. ಒಬ್ಬನಿಗೆ ಏಳು ಸಾಲಿಡ್, ಇನ್ನೊಬ್ಬನಿಗೆ ಏಳು ಸ್ಟ್ರೈಪ್, ಮಧ್ಯೆ ಕಪ್ಪು ಬಣ್ಣದ ಎಂಟನೇ ಬಾಲ್. ತನ್ನ ಏಳನ್ನೂ ಹಾಕಿ ಆಮೇಲೆ ಕಪ್ಪು ಹಾಕಿದವನು ಗೆದ್ದ. ಬಾಲ್ ಪಾಕೆಟ್‌ಗೆ ಬೀಳುವವರೆಗೂ ಸರದಿ ಅವನದೇ, ತಪ್ಪಿತೋ ಸ್ಟಿಕ್ ಎದುರಾಳಿಯ ಕೈಗೆ.

ಈಗ ಒಂದು ಸನ್ನಿವೇಶ ಊಹಿಸಿಕೊಳ್ಳಿ. ನಿಮ್ಮ ಮುಂದಿರುವ ಶಾಟ್ ಹತ್ತು ಸಲ ಹೊಡೆದರೆ ಎರಡು ಸಲ ಬೀಳುವಂಥದ್ದು. ಉಳಿದ ಎಂಟು ಸಲ ಎದುರಾಳಿಗೆ ಖಾಲಿ ಮೈದಾನ ಬಿಟ್ಟುಕೊಟ್ಟ ಹಾಗೆ. ಆಗ ನಿಮಗೆ ಎರಡು ದಾರಿ. ಕಣ್ಣು ಮುಚ್ಚಿ ಜೋರಾಗಿ ಬಾರಿಸಿ ದೇವರ ಮೇಲೆ ಭಾರ ಹಾಕುವುದು, ಇಲ್ಲವೇ ಹಾಕುವ ಆಸೆ ಬಿಟ್ಟು, ಎದುರಾಳಿಗೂ ಏನೂ ಸಿಗದ ಹಾಗೆ ವೈಟನ್ನು ನಿಲ್ಲಿಸುವುದು. ಎರಡನೆಯದೇ ಸೇಫ್.

ಇದರಲ್ಲೂ ಪ್ರಕಾರಗಳಿವೆ. ವೈಟನ್ನು ಇನ್ನೊಂದು ಬಾಲಿನ ಹಿಂದೆ ಮರೆ ಮಾಡುವುದು ಒಂದು, ಇದಕ್ಕೆ ಪಾರ್ಲರಿನಲ್ಲಿ 'ಸ್ನೂಕರ್ ಮಾಡೋದು' ಅಂತಾರೆ. ತನ್ನದೇ ಬಾಲನ್ನು ಪಾಕೆಟ್ಟಿನ ಬಾಯಲ್ಲಿ ನಿಲ್ಲಿಸಿ ಎದುರಾಳಿಗೆ ಆ ಪಾಕೆಟ್ಟನ್ನೇ ಬಂದ್ ಮಾಡುವುದು ಇನ್ನೊಂದು. ಅತಿ ಹೆಚ್ಚು ಬೈಗುಳ ತಿನ್ನುವುದು ಇದೇ. ಮೂರನೆಯದು, ಹಾಕಲು ಸುಲಭ ಇರುವ ಬಾಲನ್ನೂ ಹಾಕದೆ ಉಳಿಸಿಕೊಂಡು, ಅದನ್ನು ಬೇಲಿಯ ಹಾಗೆ ಬಳಸುವುದು. ಹೊಸಬರಿಗೆ ಇದು ಅರ್ಥವೇ ಆಗುವುದಿಲ್ಲ. ಐದು ಬಾಲ್ ಚಕಚಕ ಹಾಕಿ ಆರನೆಯದಕ್ಕೆ ತಪ್ಪಿದವನ ಪಾಡು ನೋಡಿ: ಅವನದು ಎರಡೇ ಬಾಲ್ ಉಳಿದಿವೆ, ಆದರೆ ಎದುರಾಳಿಗೆ ಅಡ್ಡ ಬರುತ್ತಿದ್ದ ಐದು ಬಾಲುಗಳನ್ನು ಅವನೇ ಕೈಯಾರೆ ಎತ್ತಿ ದಾರಿ ಸಾಫ್ ಮಾಡಿಕೊಟ್ಟಿದ್ದಾನೆ.

ಹುಲಿಗೊಂದು ನ್ಯಾಯ, ಕುರಿಗೊಂದು ನ್ಯಾಯವೇ?

"ಅಡ್ಡಗಟ್ಟೋದು ಗಂಡಸರ ಆಟ ಅಲ್ಲ" ಅನ್ನುವವರಿಗೆ ನಮ್ಮೂರ ದೇವಸ್ಥಾನದ ಕಲ್ಲುಹಾಸಿನ ಮೇಲೆ ಗೀಚಿರುವ ಹುಲಿ-ಕುರಿ ಆಟ ನೆನಪಿಸಬೇಕು. ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯ ಮೇಲಿಂದ ಹಾರಿ ತಿನ್ನಬಹುದು. ಕುರಿಗೆ ತಿನ್ನುವ ಅಧಿಕಾರವೇ ಇಲ್ಲ, ಅದು ಮಾಡಬಹುದಾದ್ದು ಒಂದೇ: ಹುಲಿ ಅಲ್ಲಾಡದ ಹಾಗೆ ಸುತ್ತಲೂ ಕಟ್ಟಿಹಾಕುವುದು. ಕಟ್ಟಿಹಾಕಿದರೆ ಕುರಿಯದೇ ಗೆಲುವು. ಶತಮಾನಗಳಿಂದ ಆಡುತ್ತಿದ್ದೇವೆ. ಕುರಿ ಆಡಿ ಗೆದ್ದ ಅಜ್ಜಿಗೆ "ನಿಂದು ಹೇಡಿ ಆಟ" ಅಂತ ಯಾವ ಮೊಮ್ಮಗನೂ ಅಂದದ್ದು ನಮಗೆ ಗೊತ್ತಿಲ್ಲ. ಅಂದಿದ್ದರೆ ಅವತ್ತು ಊಟ ಸಿಗುತ್ತಿರಲಿಲ್ಲ.

ಪೂಲಿನ ಅಣ್ಣ ಸ್ನೂಕರ್ ಆಟಕ್ಕೆ ಆ ಹೆಸರೇ ಇದೆ ಅನ್ನುವುದನ್ನೂ ನೋಡಿ. 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೇನಾಧಿಕಾರಿಗಳ ಮೆಸ್ಸಿನಲ್ಲಿ ಹುಟ್ಟಿ, ಆಮೇಲೆ ಬಂಡೀಪುರದಾಚೆಯ ನಮ್ಮ ಪಕ್ಕದ ಊಟಿಯ ಕ್ಲಬ್ಬಿನಲ್ಲಿ ನಿಯಮ ಬರೆಸಿಕೊಂಡ ಆಟ ಅದು ಎಂಬುದು ಸಾಮಾನ್ಯವಾಗಿ ಹೇಳುವ ಚರಿತ್ರೆ. 'ಸ್ನೂಕರ್' ಅಂದರೆ ಆಗ ಹೊಸದಾಗಿ ಸೇರಿದ ಎಳಸು ಕೆಡೆಟ್ ಎಂದು ಅರ್ಥ. ಇವತ್ತು ಅದೇ ಪದ ಎದುರಾಳಿಗೆ ದಾರಿ ಕಾಣದ ಹಾಗೆ ವೈಟ್ ನಿಲ್ಲಿಸುವುದಕ್ಕೆ ಕ್ರಿಯಾಪದ. ಆಟದ ಹೆಸರೂ ಅಡ್ಡಗಟ್ಟುವ ಕೆಲಸದ ಹೆಸರೂ ಒಂದೇ ಆಗಿರುವಾಗ ಆ ಕೆಲಸ ಆಟದ ಹೊರಗಿನದು ಎನ್ನುವುದು ಹೇಗೆ?

ಕಷ್ಟದ ಲೆಕ್ಕಕ್ಕೂ ಬರೋಣ, ನಾವು ಎಂಜಿನಿಯರಿಂಗ್ ಓದುವವರು. ಬಾಲ್ ಹಾಕುವಾಗ ಎದುರಿನ ಬಾಲ್ ಪಾಕೆಟ್‌ನೊಳಗೆ ಮಾಯವಾಗುತ್ತದೆ. ಆಮೇಲೆ ನೀವು ಯೋಚಿಸಬೇಕಾದ್ದು ವೈಟ್ ಎಲ್ಲಿ ನಿಲ್ಲುತ್ತದೆ ಎಂದು ಮಾತ್ರ. ಸೇಫಿನಲ್ಲಿ ಎರಡೂ ಬಾಲ್ ಟೇಬಲ್ಲಿನ ಮೇಲೇ ಉಳಿಯುತ್ತವೆ, ಎರಡೂ ಎಲ್ಲಿ ನಿಲ್ಲಬೇಕು ಎಂದು ನೀವೇ ತೀರ್ಮಾನಿಸಬೇಕು. ಒಂದೇ ತೂಕದ ಎರಡು ಬಾಲ್, ವೈಟ್ ಉರುಳದೆ ಜಾರಿಕೊಂಡು ಬಂದು ಅರ್ಧ ಬಾಲಿಗೆ ತಾಗಿತು ಅಂದುಕೊಳ್ಳಿ. ಎದುರಿನದು 30 ಡಿಗ್ರಿ ಓರೆಯಾಗಿ ಹೋಗುತ್ತದೆ, ವೈಟ್ ಅದಕ್ಕೆ ಹೆಚ್ಚುಕಮ್ಮಿ ಲಂಬವಾಗಿ ಇನ್ನೊಂದು ಕಡೆಗೆ. ಶಕ್ತಿಯಲ್ಲಿ ಮುಕ್ಕಾಲು ಪಾಲು ಎದುರಿನ ಬಾಲಿಗೆ, ಕಾಲು ಪಾಲು ವೈಟಿಗೆ. ಇನ್ನೊಂದು ಚೂರು ತೆಳ್ಳಗೆ ತಾಗಿದರೆ ಈ ಪಾಲು ಪೂರ್ತಿ ಬದಲು. ಕುಷನ್ನಿಗೆ ಬಡಿದು ವಾಪಸ್ ಬರುವುದು, ಬಟ್ಟೆಯ ಘರ್ಷಣೆ, ಹಳೇ ಟೇಬಲ್ಲಿನ ಒಂದು ಕಡೆಯ ಇಳಿಜಾರು ಬೇರೆ. ಇಷ್ಟನ್ನೂ ಲೆಕ್ಕ ಹಾಕಿ ವೈಟನ್ನು ಅಂಗೈಯಗಲದ ಜಾಗದಲ್ಲಿ ನಿಲ್ಲಿಸುವವನಿಗೆ "ಆಡಕ್ ಬರಲ್ಲ" ಅನ್ನುವುದು, ವೈವಾದಲ್ಲಿ ಡಿರೈವೇಷನ್ ಬರೆದವನಿಗೆ ಝೀರೋ ಕೊಟ್ಟು ಉತ್ತರ ಊಹಿಸಿದವನಿಗೆ ಫುಲ್ ಮಾರ್ಕ್ಸ್ ಕೊಟ್ಟ ಹಾಗೆ.

ಆದರೂ ಎದುರು ಬಣದ ಸಿಟ್ಟು ಸುಳ್ಳಲ್ಲ

ಇಲ್ಲಿಗೇ ನಿಲ್ಲಿಸಿದರೆ ಇದು ಸೇಫ್ ಬಣದ ಭಾಷಣ ಆಗಿಬಿಡುತ್ತದೆ. ಎದುರು ಬಣದವರು ಪೆದ್ದರಲ್ಲ. ಅವರ ಮಾತು ನೆಟ್ಟಗೆ ಕೇಳಬೇಕು.

ಮೊದಲನೆಯದು ದುಡ್ಡು. ನಮ್ಮ ಕಡೆ ಬಹಳಷ್ಟು ಪಾರ್ಲರುಗಳಲ್ಲಿ ಟೇಬಲ್ ಬಾಡಿಗೆ ಗಂಟೆಯ ಲೆಕ್ಕ, ಹುಡುಗರ ಒಪ್ಪಂದ ಮಾತ್ರ 'ಸೋತವನು ಕೊಡಬೇಕು'. ಲೆಕ್ಕಕ್ಕೆ ಗಂಟೆಗೆ 180 ರೂಪಾಯಿ ಅಂತ ಇಟ್ಟುಕೊಳ್ಳಿ, ನಿಮಿಷಕ್ಕೆ 3 ರೂಪಾಯಿ. ಇಬ್ಬರೂ ಬಾರಿಸಿ ಆಡಿದರೆ ಹತ್ತು ನಿಮಿಷಕ್ಕೆ ಫ್ರೇಮ್ ಮುಗಿದು ಸೋತವನಿಗೆ 30 ರೂಪಾಯಿ. ಒಬ್ಬ ಸೇಫ್ ಆಡಿ ಆಡಿ ಅದನ್ನು ಇಪ್ಪತ್ತೈದು ನಿಮಿಷಕ್ಕೆ ಎಳೆದರೆ 75. ಅಂದರೆ ಯೋಚನೆ ಮಾಡುವವನು ಒಬ್ಬ, ಆ ಯೋಚನೆಗೆ ಬಾಡಿಗೆ ಕಟ್ಟುವವನು ಇನ್ನೊಬ್ಬ! ಹೆಚ್ಚಿಗೆ ಹೋದ 45 ರೂಪಾಯಿ ತಿಂಗಳ ಕೊನೆಯಲ್ಲಿ ದರ್ಶಿನಿಯ ಒಂದು ಹೊತ್ತಿನ ತಿಂಡಿ. ಹೊಟ್ಟೆ ಉರಿಯದೆ ಇರುತ್ತಾ?

ಎರಡನೆಯದು ಹೊತ್ತು. ಲ್ಯಾಬ್ ಮುಗಿಸಿ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಅರ್ಧ ಜೀವ ಕಳಕೊಂಡು ಬಂದವನಿಗೆ ಹಾಸ್ಟೆಲ್ ಗೇಟ್ ಮುಚ್ಚುವುದಕ್ಕೆ ಮುಂಚೆ ಸಿಗುವುದು ಒಂದು ಗಂಟೆ. ಯಶವಂತಪುರದ ಕಡೆಯಿಂದ ಮೆಟ್ರೋ, ಬಸ್ಸು ಹಿಡಿದು ದಿನಾ ಓಡಾಡುವವನಿಗೆ ಅದೂ ಇಲ್ಲ. ಅವನಿಗೆ ಬೇಕಾದ್ದು ನಾಲ್ಕು ಬಾಲ್ 'ಠಕ್' ಅಂತ ಬೀಳುವ ಸದ್ದು, ನಾಲ್ಕು ಜನ ನಗುವ ಸದ್ದು. ಹಿಂದೆ ಬೆಂಚಿನ ಮೇಲೆ ತಮ್ಮ ಸರದಿಗೆ ಕಾಯುತ್ತಾ ಕೂತವರ ಮುಖ ಬೇರೆ ಕಾಣುತ್ತಿರುತ್ತದೆ. ನಮ್ಮ ಹುಬ್ಬಳ್ಳಿ ಗೆಳೆಯ ಹೇಳಿದ್ದು ಇದನ್ನೇ: "ನೀ ಚಾಣಾಕ್ಷ ಇದ್ದಿ, ಒಪ್ಪೇನಿ. ಆದ್ರ ನಾ ಇಲ್ಲಿ ನಿನ್ನ ಶಾಣ್ಯಾತನ ನೋಡಾಕ ಬಂದಿಲ್ಲಪಾ, ನಾನೂ ಎರಡ್ ಬಾಲ್ ಹೊಡ್ಯಾಕ ಬಂದೇನಿ."

ಮೂರನೆಯದು ನಿಜವಾಗಿಯೂ ಗಟ್ಟಿ ವಾದ: ನಮ್ಮಲ್ಲಿ 'ಸೇಫ್' ಹೆಸರಿನಲ್ಲಿ ನಡೆಯುವ ಬಹಳಷ್ಟು ಶಾಟುಗಳಿಗೆ ಯಾವ ಚಾತುರ್ಯವೂ ಬೇಕಿಲ್ಲ. ವೈಟ್ ತನ್ನ ಬಾಲಿಗೆ ಅಂಟಿಕೊಂಡಿದೆ. ಸ್ಟಿಕ್ಕಿನಿಂದ ಸುಮ್ಮನೆ ಮುಟ್ಟಿದ, ಎರಡೂ ಒಂದಿಂಚು ಅಲ್ಲಾಡಿದವು, ಸರದಿ ಮುಗಿಯಿತು. ಎದುರಾಳಿಯೂ ಹಾಗೇ ಮುಟ್ಟಿ ಬಿಟ್ಟ. ಹೀಗೆ ಆರು ಸರದಿ. ನೋಡುವವರಿಗೆ ನಿದ್ದೆ, ಆಡುವವರಿಗೆ ಕೋಪ. ಇದಕ್ಕೂ ಮೇಲೆ ಹೇಳಿದ ಲೆಕ್ಕಾಚಾರದ ಸೇಫಿಗೂ ಒಂದೇ ಹೆಸರಿರುವುದೇ ಅರ್ಧ ಜಗಳಕ್ಕೆ ಕಾರಣ. 'ಸೇಫ್' ಅನ್ನುವ ಪದದಲ್ಲೇ ಒಂದು ತಾತ್ಸಾರ ಇದೆ, ಸೇಫಾಗಿ ಇರೋದು ಅಂದರೆ ಮೈ ಉಳಿಸಿಕೊಳ್ಳೋದು ಅಂತ. ಕನ್ನಡ ಸಂಘದವರಾಗಿ ನಮ್ಮದೊಂದು ಸಲಹೆ: ನಿಜವಾದದ್ದಕ್ಕೆ 'ಕಟ್ಟು' ಅನ್ನೋಣ, ಹುಲಿ ಕಟ್ಟಿದ ಹಾಗೆ. ಸುಮ್ಮನೆ ಮುಟ್ಟುವುದಕ್ಕೆ 'ಸವರು' ಅನ್ನೋಣ. ಹೆಸರು ಬೇರೆಯಾದರೆ ಮಾತಾಡುವುದು ಸುಲಭ.

ಆಟಗಳು ಈ ಜಗಳ ಹೇಗೆ ಬಗೆಹರಿಸಿಕೊಂಡವು

ತಾಳ್ಮೆಯ ಆಟ ನೋಡಿ ಜನ ಎರಡು ಪಾಲಾಗುವುದು ಪೂಲಿನಲ್ಲಿ ಮಾತ್ರ ಅಲ್ಲ. ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ 2008ರ ಸಿಡ್ನಿ ಟೆಸ್ಟಿನಲ್ಲಿ 18 ರನ್ನಿನ ಮೇಲೆ 40 ಬಾಲ್ ನಿಂತುಬಿಟ್ಟರು. ಕೊನೆಗೆ ಒಂದು ರನ್ ಬಂದಾಗ ಇಡೀ ಸ್ಟೇಡಿಯಂ ಚಪ್ಪಾಳೆ ತಟ್ಟಿತು. ಅದು ಗೇಲಿಯ ಚಪ್ಪಾಳೆ. ದ್ರಾವಿಡ್ ಬ್ಯಾಟ್ ಎತ್ತಿ ವಂದಿಸಿದರು. ಅದನ್ನು ಈಗಲೂ ಕೆಲವರು ಬೋರು ಅಂತಾರೆ, ಕೆಲವರು ಅದೇ ದ್ರಾವಿಡ್ ಅಂತಾರೆ.

ಸ್ನೂಕರಿನಲ್ಲಿ ಇದಕ್ಕೆ ಸಮನಾದದ್ದು 2005ರ ವಿಶ್ವ ಚಾಂಪಿಯನ್‌ಷಿಪ್ಪಿನ ಕ್ವಾರ್ಟರ್ ಫೈನಲ್. ಒಂದು ಕಡೆ 1997ರಲ್ಲಿ ಐದೂ ಚಿಲ್ಲರೆ ನಿಮಿಷದಲ್ಲಿ 147 ಬಾರಿಸಿದ್ದ ರೋನಿ ಓ'ಸಲಿವನ್, ಇನ್ನೊಂದು ಕಡೆ ಪೀಟರ್ ಎಬ್ಡನ್. ಹಿಂದೆ ಬಿದ್ದಿದ್ದ ಎಬ್ಡನ್ ಆಟವನ್ನು ಎಷ್ಟು ನಿಧಾನ ಮಾಡಿದರೆಂದರೆ, 12 ಅಂಕದ ಒಂದು ಬ್ರೇಕಿಗೆ ಐದು ನಿಮಿಷಕ್ಕೂ ಹೆಚ್ಚು ತೆಗೆದುಕೊಂಡರು. ಪಂದ್ಯವನ್ನೂ ಗೆದ್ದರು. ಅದು ಮೋಸವೋ ಮನೋಬಲವೋ ಎಂಬ ಚರ್ಚೆ ಅಂದು ಶುರುವಾದದ್ದು ಇನ್ನೂ ಮುಗಿದಿಲ್ಲ. ಇಲ್ಲೊಂದು ಸೂಕ್ಷ್ಮ ಗಮನಿಸಿ. ಜನರಿಗೆ ಸಿಟ್ಟು ತರಿಸಿದ್ದು ಎಬ್ಡನ್ ಆಡಿದ ಶಾಟುಗಳಿಗಿಂತ ಹೆಚ್ಚಾಗಿ ಶಾಟಿಗೂ ಶಾಟಿಗೂ ನಡುವಿನ ಹೊತ್ತು.

ಇಂಥ ಜಗಳ ಬಂದಾಗ ಬುದ್ಧಿವಂತ ಆಟಗಳು ಆಟಗಾರನ ಮನಸ್ಸನ್ನು ಬೈಯುತ್ತಾ ಕೂರಲಿಲ್ಲ, ನಿಯಮ ತಿದ್ದಿಕೊಂಡವು. ಕಬಡ್ಡಿ ನೋಡಿ. ರೇಡಿಗೆ ಹೋಗಿ ಯಾರನ್ನೂ ಮುಟ್ಟದೆ ವಾಪಸ್ ಬರುವುದೂ ಒಂದು ತಂತ್ರ, ಲೀಡ್ ಇದ್ದ ತಂಡ ಹೊತ್ತು ಕಳೆಯಲು ಅದನ್ನೇ ಮಾಡುತ್ತದೆ. ಪ್ರೊ ಕಬಡ್ಡಿಯಲ್ಲಿ ಅದನ್ನು ಫೌಲ್ ಅನ್ನಲಿಲ್ಲ. ಸತತ ಎರಡು ಖಾಲಿ ರೇಡ್ ಆದರೆ ಮೂರನೆಯದು 'ಡೂ ಆರ್ ಡೈ', ಅಂಕ ತರದೆ ಬಂದರೆ ರೇಡರ್ ಔಟ್. ಈಗ ಖಾಲಿ ರೇಡೂ ಉಳಿಯಿತು, ಬುಲ್ಸ್ ಮ್ಯಾಚಿನ ಅತಿ ರೋಚಕ ಕ್ಷಣವೂ ಅದರಿಂದಲೇ ಹುಟ್ಟಿತು.

ಬಿಲಿಯರ್ಡ್ಸ್ ಅಂತೂ ಇದನ್ನು ನೂರು ವರ್ಷದ ಹಿಂದೆಯೇ ಕಂಡಿದೆ. 1907ರಲ್ಲಿ ಟಾಮ್ ರೀಸ್ ಎಂಬಾತ ಎರಡು ಬಾಲುಗಳನ್ನು ಪಾಕೆಟ್ಟಿನ ಬಾಯಲ್ಲಿ ತೊಟ್ಟಿಲ ಹಾಗೆ ಕೂರಿಸಿ, ಅವಕ್ಕೆ ವೈಟ್ ತಾಗಿಸುತ್ತಾ ತಾಗಿಸುತ್ತಾ ವಾರಗಟ್ಟಲೆ ಆಡಿ 4,99,135 ಅಂಕ ಗಳಿಸಿದ. ಎದುರಾಳಿಗೆ ಅಲ್ಲಿ ಕೆಲಸವೇ ಇಲ್ಲ. ಆತ ಯಾವ ನಿಯಮವನ್ನೂ ಮುರಿದಿರಲಿಲ್ಲ. ಆದ್ದರಿಂದ ಆತನನ್ನು ಬಿಟ್ಟು ಆ ಹೊಡೆತವನ್ನೇ ನಿಷೇಧಿಸಿದರು.

ಇವತ್ತಿನ ಬಿಲಿಯರ್ಡ್ಸ್‌ನಲ್ಲಿ ಇನ್ನೂ ಚೆಂದದ ಪರಿಹಾರ ಇದೆ. ವಿಶ್ವ ಚಾಂಪಿಯನ್‌ಷಿಪ್ಪನ್ನು ಎರಡು ಬಗೆಯಲ್ಲಿ ಆಡಿಸುತ್ತಾರೆ: ಇಷ್ಟು ಅಂಕ ಮೊದಲು ಮುಟ್ಟಿದವನು ಗೆದ್ದ ಎಂಬ ಪಾಯಿಂಟ್ ಮಾದರಿ, ಇಷ್ಟು ಹೊತ್ತಿನಲ್ಲಿ ಹೆಚ್ಚು ಅಂಕ ಗಳಿಸಿದವನು ಗೆದ್ದ ಎಂಬ ಟೈಮ್ ಮಾದರಿ. ಯಾವುದು ನಿಜವಾದ ಆಟ ಎಂದು ಕಿತ್ತಾಡುವ ಬದಲು ಎರಡಕ್ಕೂ ಒಂದೊಂದು ಕಿರೀಟ. ಆ ಎರಡೂ ಕಿರೀಟವನ್ನು ಒಂದೇ ವರ್ಷದಲ್ಲಿ ತಲೆಗೇರಿಸಿಕೊಂಡವರು ನಮ್ಮೂರಿನ ಪಂಕಜ್ ಅಡ್ವಾಣಿ, 2005ರಲ್ಲಿ ಮಾಲ್ಟಾದಲ್ಲಿ ಒಮ್ಮೆ, 2008ರಲ್ಲಿ ಬೆಂಗಳೂರಿನಲ್ಲೇ ಇನ್ನೊಮ್ಮೆ. ಅರವಿಂದ ಸವೂರ್ ಅವರ ಗರಡಿಯಲ್ಲಿ ಪಳಗಿದ ಅಡ್ವಾಣಿ ಬಾರಿಸುವ ಬಣವೋ ಕಟ್ಟುವ ಬಣವೋ? ಹೊತ್ತು ಕೇಳಿದ್ದನ್ನು ಆಡುವ ಬಣ ಅಂತ ಕಾಣುತ್ತದೆ.

ಏಳನೇ ನಿಯಮ ಯಾಕೆ ಬೇಡ

ಮೊದಲ ಕಾರಣ, ಅದನ್ನು ಜಾರಿ ಮಾಡುವುದಕ್ಕೇ ಆಗುವುದಿಲ್ಲ. "ಬೇಕೆಂದೇ" ಅನ್ನುವ ಪದ ಇದೆಯಲ್ಲ, ಅದನ್ನು ಅಳೆಯುವ ಮೀಟರ್ ಯಾವ ಲ್ಯಾಬಿನಲ್ಲೂ ಇಲ್ಲ. ಒಳ್ಳೆ ಆಟಗಾರರು ಹೊಡೆಯುವ ಎಷ್ಟೋ ಶಾಟುಗಳಿಗೆ ಎರಡು ಮುಖ: ಬಿದ್ದರೆ ಬಾಲ್, ಬೀಳದಿದ್ದರೂ ವೈಟ್ ಮರೆಯಲ್ಲಿ. ರೆಫರಿ ಆಗಿ ನಿಂತ ಸೆಕೆಂಡ್ ಇಯರ್ ಹುಡುಗ ಅದರಲ್ಲಿ ಯಾವುದು ಬೇಕೆಂದೇ, ಯಾವುದು ಅಕಸ್ಮಾತ್ ಅಂತ ಹೇಗೆ ಹೇಳುತ್ತಾನೆ? ತನ್ನ ಬ್ರಾಂಚಿನವನಾದರೆ ಅಕಸ್ಮಾತ್, ಬೇರೆ ಬ್ರಾಂಚಿನವನಾದರೆ ಬೇಕೆಂದೇ. ಅಲ್ಲಿಗೆ ಟೂರ್ನಿ ಹೋಗಿ ಪಂಚಾಯ್ತಿ ಕಟ್ಟೆ ಆಗುತ್ತದೆ. ನಿಯಮ ಬಾಲ್ ಏನು ಮಾಡಿತು ಅನ್ನುವುದನ್ನು ನೋಡಬೇಕು, ಮನಸ್ಸಿನಲ್ಲಿ ಏನಿತ್ತು ಅನ್ನುವುದನ್ನಲ್ಲ.

ಎರಡನೇ ಕಾರಣ ನಮಗೆ ಇನ್ನೂ ಮುಖ್ಯ. ಬಾಲ್ ಹಾಕುವ ಕೈ ಪಳಗುವುದು ಟೇಬಲ್ ಮೇಲೆ ಕಳೆದ ಗಂಟೆಗಳಿಂದ, ಆ ಗಂಟೆಗಳಿಗೆ ಬೆಲೆ ಇದೆ. ಮನೆಯವರಿಗೆ ಕ್ಲಬ್ ಮೆಂಬರ್‌ಷಿಪ್ ಇದ್ದು, ಹೈಸ್ಕೂಲಿನಿಂದ ಆಡಿಕೊಂಡು ಬಂದವನ ಎದುರು, ಕಾಲೇಜಿಗೆ ಬಂದ ಮೇಲೆ ಮೊದಲ ಸಲ ಸ್ಟಿಕ್ ಹಿಡಿದ ಚಿತ್ರದುರ್ಗದ ಹುಡುಗ ಬಾರಿಸಿ ಗೆಲ್ಲುವುದು ಕಷ್ಟ. ಆದರೆ ಅವನು ಯೋಚಿಸಿ ಗೆಲ್ಲಬಹುದು. ಹುಲಿಯಾಗುವುದಕ್ಕೆ ಆಗದವನಿಗೆ ಕುರಿಯ ದಾರಿಯಾದರೂ ಇರಬೇಕು. ಅದನ್ನೂ ಮುಚ್ಚಿದರೆ ಟೂರ್ನಿಯ ಫಲಿತಾಂಶ ಡ್ರಾ ಎತ್ತುವ ದಿನವೇ ಬರೆದಿಡಬಹುದು.

ಹುಡುಗಿಯರ ಮಾತು ತೆಗೆಯದಿದ್ದರೆ ಈ ಲೇಖನ ಅರ್ಧ ಸುಳ್ಳಾಗುತ್ತದೆ. ಸಂಜೆ ಆದ ಮೇಲೆ ಪಾರ್ಲರಿನಲ್ಲಿ ಎಷ್ಟು ಹುಡುಗಿಯರನ್ನು ನೋಡಿದ್ದೀರಿ? ಹೊಗೆ, ಗಲಾಟೆ, ದುರುಗುಟ್ಟಿ ನೋಡುವ ಕಣ್ಣು, ಮೇಲಿಂದ ಬೇಗ ಮುಚ್ಚುವ ಲೇಡೀಸ್ ಹಾಸ್ಟೆಲ್ ಗೇಟು. ನಮ್ಮ ಸಂಘದ ಒಬ್ಬ ಗೆಳತಿ ಆಟ ಕಲಿತದ್ದು ಕಾಮನ್ ರೂಮಿನ ಈ ಒಂದೇ ಟೇಬಲ್ಲಿನಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ. ಕಳೆದ ಸೆಮಿಸ್ಟರಿನ ಒಂದು ಸೌಹಾರ್ದ ಆಟದಲ್ಲಿ ತನಗಿಂತ ಎಷ್ಟೋ ಚೆನ್ನಾಗಿ ಬಾಲ್ ಹಾಕುವ ಸೀನಿಯರ್ ಒಬ್ಬರನ್ನು ಆಕೆ ಕಟ್ಟಿ ಕಟ್ಟಿ ಸುಸ್ತು ಮಾಡಿ ಸೋಲಿಸಿದಳು. ಚಪ್ಪಾಳೆ ಬೀಳಲಿಲ್ಲ. "ಸೇಫ್ ಆಡೋದು ಹುಡುಗೀರ ಆಟ" ಎಂಬ ಮಾತು ಬಂತು, ನಾಲ್ಕೈದು ಜನ ನಕ್ಕರು. ಆಮೇಲೆ ಈ ಏಳನೇ ನಿಯಮ ಬಂತು. ಒಂದರಿಂದ ಇನ್ನೊಂದು ಹುಟ್ಟಿತು ಎಂದು ನಾವು ಹೇಳುತ್ತಿಲ್ಲ. ಆದರೆ ಆ ನಿಯಮ ಜಾರಿಯಾದರೆ ಮೊದಲು ಹೊರಗೆ ಹೋಗುವುದು ಯಾರು ಅಂತ ಯೋಚಿಸಿ ಅಂತ ಮಾತ್ರ ಕೇಳುತ್ತಿದ್ದೇವೆ. ಆಕೆ ಈ ಸಲ ಹೆಸರು ಕೊಟ್ಟಿಲ್ಲ.

ಅದು ಹುಡುಗಿಯರ ಆಟ ಅನ್ನುವವರಿಗೆ ಇನ್ನೊಂದು ಮಾತು. 2017ರಲ್ಲಿ ಸಿಂಗಪುರದಲ್ಲಿ ನಡೆದ ಮಹಿಳೆಯರ ವಿಶ್ವ ಸ್ನೂಕರ್ ಫೈನಲ್ಲಿನಲ್ಲಿ ಕರ್ನಾಟಕದ ವಿದ್ಯಾ ಪಿಳ್ಳೈ ಹಾಂಗ್‌ಕಾಂಗಿನ ಎನ್‌ಜಿ ಆನ್-ಯೀ ಎದುರು 5-6ರಲ್ಲಿ ಸೋತರು. ಹನ್ನೊಂದು ಫ್ರೇಮಿನ ಆ ಪಂದ್ಯ ಎಂಟು ಗಂಟೆಗೂ ಹೆಚ್ಚು ಹೊತ್ತು ನಡೆಯಿತು, ಅಂದರೆ ಫ್ರೇಮಿಗೆ ಸರಾಸರಿ ಮುಕ್ಕಾಲು ಗಂಟೆ. ಒಂದು ಇಂಟರ್ನಲ್ಸ್ ಒಂದೂವರೆ ಗಂಟೆ ಬರೆದರೆ ಕುತ್ತಿಗೆ ನೋವು ಅನ್ನುವ ನಾವು ಆ ಏಕಾಗ್ರತೆಗೆ ಹೇಡಿತನ ಅನ್ನುವುದಾದರೆ, ಧೈರ್ಯ ಅನ್ನುವುದು ಯಾವುದಕ್ಕೆ?

ಹಾಗಾದರೆ ಏನು ಮಾಡೋಣ?

ಎದುರು ಬಣದ ಮೂರು ದೂರುಗಳಿಗೂ, ಅಂದರೆ ದುಡ್ಡು, ಹೊತ್ತು, ಸುಮ್ಮನೆ ಸವರುವುದು, ಮೂರಕ್ಕೂ ಉತ್ತರ ಇದೆ. ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ, ಅಂತರರಾಷ್ಟ್ರೀಯ ಪೂಲ್ ನಿಯಮಗಳಲ್ಲಿ ಹೆಚ್ಚಿನವು ಆಗಲೇ ಇವೆ. ನಾವು ಪಾರ್ಲರಿನ ಬಾಯಿಮಾತಿನ ನಿಯಮಗಳಲ್ಲಿ ಆಡಿ ಆಡಿ ಅವನ್ನು ಮರೆತಿದ್ದೇವೆ ಅಷ್ಟೇ. ಏಳನೇ ನಿಯಮ ಕಿತ್ತು ಈ ನಾಲ್ಕನ್ನು ಹಾಕಿ ಎಂಬುದು ನಮ್ಮ ಬೇಡಿಕೆ:

1. ಕುಷನ್ ನಿಯಮ. ವೈಟ್ ತನ್ನ ಬಾಲಿಗೆ ಮೊದಲು ತಾಗಬೇಕು. ತಾಗಿದ ಮೇಲೆ ಒಂದೋ ಯಾವುದಾದರೂ ಬಾಲ್ ಪಾಕೆಟ್‌ಗೆ ಬೀಳಬೇಕು, ಇಲ್ಲವೇ ವೈಟಾಗಲಿ ಬೇರೆ ಬಾಲಾಗಲಿ ಕುಷನ್ ಮುಟ್ಟಬೇಕು. ಇಲ್ಲದಿದ್ದರೆ ಫೌಲ್. ಈ ಒಂದು ಸಾಲಿನಿಂದ ಸುಮ್ಮನೆ ಸವರುವ ಆಟ ಸತ್ತುಹೋಗುತ್ತದೆ. ಬಾಲ್ ಅಷ್ಟು ದೂರ ಓಡಿಸಿಯೂ ಕಟ್ಟಬಲ್ಲವನು ಮಾತ್ರ ಕಟ್ಟುತ್ತಾನೆ.

2. ಫೌಲ್ ಆದರೆ ವೈಟ್ ಕೈಗೆ. ನಾವು ಆಡಿದ ಎಷ್ಟೋ ಟೇಬಲ್ಲುಗಳಲ್ಲಿ ಫೌಲ್ ಆದರೆ ವೈಟನ್ನು ಗೆರೆಯ ಹಿಂದೆ ಇಟ್ಟು ಹೊಡೆಯಬೇಕು, ಇನ್ನು ಕೆಲವು ಕಡೆ ಅದೂ ಇಲ್ಲ. ಟೇಬಲ್ಲಿನಲ್ಲಿ ಎಲ್ಲಿ ಬೇಕಾದರೂ ಇಟ್ಟು ಹೊಡೆಯುವ ಹಕ್ಕು ಎದುರಾಳಿಗೆ ಕೊಡಿ. ಆಗ ಕಟ್ಟಲು ಹೋಗಿ ಕೈ ಜಾರಿದವನಿಗೆ ಆಟವೇ ಕೈ ಬಿಟ್ಟು ಹೋಗಬಹುದು. 'ಸೇಫ್' ಅನ್ನುವುದು ಸೇಫಾಗಿ ಉಳಿಯುವುದಿಲ್ಲ! ಒಳ್ಳೆಯ ಕಟ್ಟಿಗೆ ಒಳ್ಳೆಯ ಬಹುಮಾನವೂ ಸಿಗುತ್ತದೆ, ಎದುರಾಳಿ ಬಾಲ್ ಮುಟ್ಟಲಾಗದೆ ಫೌಲ್ ಮಾಡಿದರೆ ಫ್ರೇಮ್ ಬೇಗ ಮುಗಿಯುತ್ತದೆ. ಸೇಫ್ ಆಡಿದರೆ ಆಟ ಎಳೆಯುತ್ತದೆ ಎಂಬ ನಮ್ಮ ಅನುಭವ ಮುಕ್ಕಾಲು ಪಾಲು ಈ ನಿಯಮ ಇಲ್ಲದ್ದರಿಂದ ಬಂದದ್ದು.

3. ಶಾಟಿಗೆ 40 ಸೆಕೆಂಡ್. ಮೊಬೈಲಿನ ಟೈಮರ್ ಸಾಕು. ಫ್ರೇಮಿಗೆ ಒಂದು ಸಲ ಇನ್ನೊಂದು 40 ಸೆಕೆಂಡ್ ಕೇಳಬಹುದು. ದೊಡ್ಡ ದೊಡ್ಡ ಪೂಲ್ ಟೂರ್ನಿಗಳಲ್ಲೇ ಗಡಿಯಾರ ಇಡುತ್ತಾರೆ. 'ಸ್ನೂಕರ್ ಶೂಟ್ ಔಟ್' ಟೂರ್ನಿಯಲ್ಲಂತೂ ಇಡೀ ಫ್ರೇಮಿಗೆ 10 ನಿಮಿಷ, ಶಾಟಿಗೆ ಮೊದಲು 15 ಸೆಕೆಂಡ್, ಕೊನೆಯ ಐದು ನಿಮಿಷ 10 ಸೆಕೆಂಡ್. ಯೋಚನೆಗೆ ಜಾಗ ಇರಲಿ, ನಿದ್ದೆಗೆ ಬೇಡ.

4. ಟೇಬಲ್ ದುಡ್ಡು ಅರ್ಧ ಅರ್ಧ. ಇದು ಟೂರ್ನಿಗೆ ಬೇಕಿಲ್ಲ, ದಿನದ ಆಟಕ್ಕೆ. ಗಂಟೆಯ ಲೆಕ್ಕದ ಬಾಡಿಗೆಯನ್ನು ಸೋತವನ ತಲೆಗೆ ಕಟ್ಟುವುದು ಬಿಟ್ಟುಬಿಡೋಣ. ಯೋಚನೆಗೆ ತಗಲುವ ಖರ್ಚನ್ನು ಯೋಚಿಸುವವನೂ ಹೊತ್ತರೆ, ಅವನೇ ಬೇಗ ಬೇಗ ಯೋಚಿಸುತ್ತಾನೆ. ಪಂದ್ಯ ಕಟ್ಟಲೇಬೇಕಿದ್ದರೆ ಸೋತವನು ಚಹಾ ಕುಡಿಸಲಿ.

ನಾಲ್ಕನೆಯದನ್ನು ಮೊದಲು ಸೂಚಿಸಿದವರು ನಾವಿಬ್ಬರೂ ಬಣದವರೂ ಅಲ್ಲ, ಯಲಹಂಕದ ಒಂದು ಪಾರ್ಲರಿನ ಮಾರ್ಕರ್ ಅಣ್ಣ. ವರ್ಷಗಟ್ಟಲೆ ಬಾಲ್ ಜೋಡಿಸಿ, ಚಾಕ್ ಒದಗಿಸಿ, ಜಗಳ ಬಿಡಿಸಿದವರು. "ನೀವು ಸೇಫ್‌ಗೆ ಜಗಳ ಆಡಲ್ಲ ಕಣ್ರೋ, ಬಿಲ್‌ಗೆ ಜಗಳ ಆಡ್ತೀರ. ದುಡ್ಡು ಸಮ ಹಾಕ್ಕೊಂಡು ಆಡೋರು ಯಾರೂ ಇಲ್ಲಿ ಕೂಗಾಡಿದ್ದು ನಾನು ನೋಡಿಲ್ಲ" ಅಂದರು. ನಾವು ಮೂರು ಸಂಜೆ ಚರ್ಚಿಸಿದ್ದನ್ನು ಅವರು ಬಾಲ್ ಜೋಡಿಸುತ್ತಲೇ ಮುಗಿಸಿದರು.

ಇಷ್ಟಾದರೂ ಎರಡು ಬಣ ಉಳಿದೇ ಉಳಿಯುತ್ತವೆ, ಉಳಿಯಲಿ. ಬಾಲ್ ಬೀಳುವ ಸದ್ದಿಗೆ ಮೈ ಜುಂ ಅನ್ನುವವರು ಬೇಕು, ವೈಟ್ ಉರುಳುತ್ತಾ ಉರುಳುತ್ತಾ ಸರಿಯಾಗಿ ಮರೆಗೆ ಹೋಗಿ ನಿಂತಾಗ ಉಸಿರು ಬಿಡುವವರೂ ಬೇಕು. ಆಟ ಎಲ್ಲರಿಗೂ ಒಂದೇ ಥರ ರುಚಿಸಬೇಕು ಅಂತ ಏನಿಲ್ಲ. ಮುದ್ದೆ ನುಂಗುವವರೂ ರೊಟ್ಟಿ ಮುರಿಯುವವರೂ ಒಂದೇ ಮೆಸ್ಸಿನಲ್ಲಿ ಉಣ್ಣುತ್ತಿಲ್ಲವೇ?

ಕಾಮನ್ ರೂಮಿನ ಬಾಗಿಲ ಹತ್ತಿರ ಆಕ್ಷೇಪಣೆಯ ಪುಸ್ತಕ ಶುಕ್ರವಾರ ಸಂಜೆಯವರೆಗೆ ಇರುತ್ತದೆ. ಈ ನಾಲ್ಕು ಅಂಶ ಒಪ್ಪಿಗೆಯಾದರೆ ಹೋಗಿ ಸಹಿ ಹಾಕಿ. ಒಪ್ಪಿಗೆ ಇಲ್ಲದಿದ್ದರೆ ಯಾಕೆ ಇಲ್ಲ ಅಂತ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ನಾವೇ ಹಾಕುತ್ತೇವೆ. ಹೆಸರು ನೋಂದಾಯಿಸುವುದಕ್ಕೂ ಅದೇ ಶುಕ್ರವಾರ ಕೊನೆ. ನಮ್ಮ ಗೆಳತಿಗೆ ಇನ್ನೂ ಸಮಯ ಇದೆ.